ಮಳೆಗಾಲಕ್ಕೆ ಮೊದಲು ಲಿನಕ್ಸ್ ಪಾರ್ಟಿಷನ್‌ಗಳ ಬ್ಯಾಕಪ್ ಹೇಗೆ ತೆಗೆಯಲಿ? ವೈಫೈ, ಪ್ರಿಂಟರ್ ಸೆಟ್ಟಿಂಗ್ ಕೂಡ ಉಳಿಯುತ್ತಾ?

ಕೊಡಗಿನ ನಾಪೋಕ್ಲು ಕಡೆ ತೋಟ, ಲೆಕ್ಕ ಬರೆಯುವ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಜೊತೆ ಲಿನಕ್ಸ್ ಮಿಂಟ್ ಇದೆ, 500 ಜಿಬಿ ಹಾರ್ಡ್ ಡಿಸ್ಕ್ ಹಳೆಯದಾಗಿದೆ ಅಂತ ಬರೆದಿದ್ದೀರಿ. ಮಳೆ ಹಿಡಿಯುವ ಮೊದಲು ಬ್ಯಾಕಪ್ ತೆಗೆಯಲು ಡಿಸ್ಕ್ ನಕಲು ಮಾಡುವ ಡಿಡಿ ಕಮಾಂಡ್ ಒಂದೇ ಸಾಕಾ ಅನ್ನುವುದು ನಿಮ್ಮ ಮೊದಲ ಪ್ರಶ್ನೆ. ಹಿಂದೊಮ್ಮೆ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ವೈಫೈಯೂ ಬರಲಿಲ್ಲ, ಪ್ರಿಂಟರೂ ಕೆಲಸ ಮಾಡಲಿಲ್ಲ, ಈ ಸಲ ಹಾಗಾಗಬಾರದು ಅನ್ನುವುದು ಎರಡನೆಯದು.

ಪಾರ್ಟಿಷನ್‌ಗಳ ಇಮೇಜ್ (ಡಿಸ್ಕಿನ ಆ ಭಾಗಗಳ ಪೂರ್ತಿ ನಕಲು), ನಿಮ್ಮ ಫೈಲ್‌ಗಳು, ಹಾರ್ಡ್‌ವೇರ್ ವಿವರ, ಈ ಮೂರನ್ನೂ ಬೇರೆ ಬೇರೆಯಾಗಿ ಉಳಿಸಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಇದು ನನಗೆ ಹೇಗೆ ಗೊತ್ತಾಯಿತು ಅಂತ ಮೊದಲು ಹೇಳುತ್ತೇನೆ.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ನಮ್ಮ ತಂದೆ ದಿನಾ ಬೆಳಗ್ಗೆ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಆ ನೋಟ್‌ಬುಕ್‌ಗಳನ್ನೆಲ್ಲ ನಾನು ಎರಡು ವರ್ಷ ಕೂತು ಕಂಪ್ಯೂಟರಿಗೆ ಏರಿಸಿದ್ದೆ. ಒಂದು ಏಪ್ರಿಲ್ ಸಂಜೆ ಗುಡುಗು ಸಿಡಿಲಿನ ಮಳೆ ಬಂತು. ಮಾರನೇ ದಿನ ಡಿಸ್ಕ್ ಏಳಲೇ ಇಲ್ಲ. ಇಡೀ ಡಿಸ್ಕಿನ ಇಮೇಜ್ ಹೊರಗಿನ ಡಿಸ್ಕಿನಲ್ಲಿ ಇದ್ದದ್ದರಿಂದ ಧೈರ್ಯವಾಗಿದ್ದೆ. 480 ಜಿಬಿಯ ಎಸ್‌ಎಸ್‌ಡಿ ತಂದು ಇಳಿಸಲು ಹೋದರೆ ಆಗಲಿಲ್ಲ. ಹಳೆಯ ಡಿಸ್ಕ್ 1 ಟಿಬಿ. ಅದರಲ್ಲಿ ತುಂಬಿದ್ದದ್ದು ಬರೀ 60 ಜಿಬಿ. ಆದರೂ ಇಮೇಜ್ ಇಳಿಸಲು ಮೊದಲಿದ್ದಷ್ಟು ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್ ಬೇಕು. ಕೊನೆಗೆ ಗೆಳೆಯರೊಬ್ಬರ ಹತ್ತಿರ 1 ಟಿಬಿ ಡಿಸ್ಕ್ ಕೇಳಿ ತಂದು ಅದಕ್ಕೆ ಇಳಿಸಿದೆ. ಎಸ್‌ಎಸ್‌ಡಿಗೆ ಹೊಸದಾಗಿ ಮಿಂಟ್ ಹಾಕಿ, ಫೈಲ್‌ಗಳನ್ನು ಮಾತ್ರ ಆ ಕಡೆಯಿಂದ ಎತ್ತಿಕೊಂಡೆ. ಮಳೆ ಲೆಕ್ಕ ಪೂರ್ತಿ ಸಿಕ್ಕಿತು. ಆದರೆ ನಾಲ್ಕು ದಿನ ನಿದ್ದೆ ಇರಲಿಲ್ಲ. ಫೈಲ್‌ಗಳ ಪ್ರತಿ ಬೇರೆ ಇದ್ದಿದ್ದರೆ ಅರ್ಧ ದಿನದ ಕೆಲಸ ಅದು.

ಈಗ ಡಿಡಿ ವಿಷಯ. ಅದು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಹಾಗೇ ನಕಲು ಮಾಡುತ್ತದೆ, ಖಾಲಿ ಜಾಗವನ್ನೂ ಬಿಡುವುದಿಲ್ಲ. ನಿಮ್ಮ 500 ಜಿಬಿ ಡಿಸ್ಕಿಗೆ 500 ಜಿಬಿಯ ಫೈಲೇ ಆಗುತ್ತದೆ. ಅದಕ್ಕಿಂತ ಹೆದರಬೇಕಾದದ್ದು ಇನ್ನೊಂದಿದೆ. ಎಲ್ಲಿಂದ, ಎಲ್ಲಿಗೆ ಅನ್ನುವ ಎರಡು ಹೆಸರು ಅದಲು ಬದಲಾದರೆ, ಒಂದು ಮಾತೂ ಕೇಳದೆ ಒಳ್ಳೆಯ ಡಿಸ್ಕಿನ ಮೇಲೆಯೇ ಬರೆದುಬಿಡುತ್ತದೆ. ಎಸ್‌ಡಿಎ, ಎಸ್‌ಡಿಬಿ ಅಂತ ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳು ಇವತ್ತು ಇದ್ದ ಹಾಗೆ ನಾಳೆ ಇರುತ್ತವೆ ಅಂತಿಲ್ಲ. ಹೆಸರು ನಂಬಬೇಡಿ, ಡಿಸ್ಕಿನ ಮಾಡೆಲ್ ಮತ್ತು ಸೈಜ್ ನೋಡಿ. ನಿಮ್ಮ ಕೆಲಸಕ್ಕೆ ನಾನು ಡಿಡಿ ಹೇಳುವುದಿಲ್ಲ.

ಕ್ಲೋನ್‌ಝಿಲ್ಲಾ ಬಳಸಿ. ತೈವಾನಿನಲ್ಲಿ ತಯಾರಾದ ಉಚಿತ ತಂತ್ರಾಂಶ. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು. ಆಗ ನಿಮ್ಮ ಯಾವ ಪಾರ್ಟಿಷನ್ನೂ ಬಳಕೆಯಲ್ಲಿ ಇರುವುದಿಲ್ಲ, ನಕಲು ಮಾಡುವಾಗ ಫೈಲ್‌ಗಳು ಬದಲಾಗುವ ಭಯವಿಲ್ಲ. ಇದು ತುಂಬಿದ ಭಾಗವನ್ನಷ್ಟೇ ಓದಿ, ಕುಗ್ಗಿಸಿ ಬರೆಯುತ್ತದೆ. ಫೋಟೊ, ವಿಡಿಯೊ ಜಾಸ್ತಿ ಇದ್ದರೆ ಅಷ್ಟಾಗಿ ಕುಗ್ಗುವುದಿಲ್ಲ. ಮೊದಲ ಸಲ ಒಂದೊಂದೇ ಪಾರ್ಟಿಷನ್ ಆರಿಸಬೇಡಿ, ಇಡೀ ಡಿಸ್ಕ್ ಉಳಿಸುವ ಆಯ್ಕೆ ತೆಗೆದುಕೊಳ್ಳಿ. ಒಂದೊಂದೇ ಪಾರ್ಟಿಷನ್ ವಾಪಸ್ ಇಳಿಸಬೇಕಾದರೆ ಹೊಸ ಡಿಸ್ಕಿನಲ್ಲಿ ಅದಕ್ಕೆ ಜಾಗ ಮೊದಲೇ ಮಾಡಿರಬೇಕು. ಇಡೀ ಡಿಸ್ಕ್ ಉಳಿಸಿದರೆ ಪಾರ್ಟಿಷನ್ ಟೇಬಲ್, ಬೂಟ್ ಪಾರ್ಟಿಷನ್ ಎಲ್ಲಾ ಜೊತೆಗೇ ಬರುತ್ತವೆ. ನಕಲು ಶುರುವಾಗುವ ಮೊದಲೇ, ಉಳಿಸಿದ ಮೇಲೆ ಇಮೇಜ್ ಸರಿ ಇದೆಯಾ ಅಂತ ಪರೀಕ್ಷೆ ಮಾಡಲಾ ಅಂತ ಕೇಳುತ್ತದೆ. ಸಮಯ ಹಿಡಿದರೂ ಹೌದು ಅನ್ನಿ.

ನಿಮಗೆ ವಿಂಡೋಸ್ ಕೂಡ ಇರುವುದರಿಂದ ಒಂದು ಎಚ್ಚರಿಕೆ. ಮಾಮೂಲಿನಂತೆ ಶಟ್‌ಡೌನ್ ಕೊಟ್ಟರೆ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಅದರ ಪಾರ್ಟಿಷನ್ ಪೂರ್ತಿ ಮುಚ್ಚಿರುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ, ಅಥವಾ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ಅದರ ರಿಕವರಿ ಕೀ ಕಾಗದದಲ್ಲಿ ಬರೆದಿಡಿ.

ಫೈಲ್‌ಗಳಿಗೆ ಆರ್‌ಸಿಂಕ್ ಅನ್ನುವ ನಕಲು ಮಾಡುವ ಕಮಾಂಡ್ ಸಾಕು. ಹೋಮ್ ಫೋಲ್ಡರನ್ನು ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಎರಡನೇ ಸಲದಿಂದ ಬದಲಾದದ್ದಷ್ಟೇ ಹೋಗುತ್ತದೆ. ಆ ಡಿಸ್ಕ್ ಇಎಕ್ಸ್‌ಟಿ4 (ಲಿನಕ್ಸಿನ ಫಾರ್ಮ್ಯಾಟ್) ಆಗಿದ್ದರೆ ಫೈಲ್ ಯಾರದು, ಯಾರು ತೆರೆಯಬಹುದು ಅನ್ನುವ ವಿವರವೂ ಉಳಿಯುತ್ತದೆ. ಮಿಂಟ್‌ನ ಟೈಮ್‌ಶಿಫ್ಟ್ ನಂಬಿ ಕೂರಬೇಡಿ. ಅದು ಸಿಸ್ಟಮ್ ಫೈಲ್‌ಗಳಿಗೆ ಮಾತ್ರ. ನಾವಾಗಿ ಹೇಳದಿದ್ದರೆ ನಮ್ಮ ಲೆಕ್ಕಪತ್ರ ಅದಕ್ಕೆ ಸೇರುವುದಿಲ್ಲ.

ಇನ್ನು ಹಾರ್ಡ್‌ವೇರ್. ಇದನ್ನು ಎಲ್ಲಾ ಸರಿಯಾಗಿ ನಡೆಯುತ್ತಿರುವಾಗಲೇ ಮಾಡಬೇಕು, ಕೆಟ್ಟ ಮೇಲೆ ಅಲ್ಲ. ಮಿಂಟ್‌ನ ಸಿಸ್ಟಮ್ ಇನ್‌ಫರ್ಮೇಷನ್ ತೆರೆದರೆ ಯಾವ ವೈಫೈ ಚಿಪ್, ಯಾವ ಗ್ರಾಫಿಕ್ಸ್, ಯಾವುದಕ್ಕೆ ಯಾವ ಡ್ರೈವರ್ ಅಂತ ಇರುತ್ತದೆ. ಅದನ್ನು ಒಂದು ಫೈಲಿಗೆ ಹಾಕಿ, ಪ್ರಿಂಟ್ ಕೂಡ ತೆಗೆದಿಡಿ. ಪ್ರತಿ ಚಿಪ್‌ಗೂ ನಾಲ್ಕು ನಾಲ್ಕು ಅಕ್ಷರದ ಎರಡು ಗುರುತು ಇರುತ್ತವೆ, ಮೊದಲನೆಯದು ಕಂಪನಿಯದು. 8086 ಅಂತಿದ್ದರೆ ಇಂಟೆಲ್. ಡಬ್ಬದ ಮೇಲಿನ ಹೆಸರಿಗಿಂತ ಈ ಗುರುತು ಹಿಡಿದು ಹುಡುಕಿದರೆ ಸರಿಯಾದ ಡ್ರೈವರ್ ಸಿಗುತ್ತದೆ. ಸಿಸ್ಟಮ್ ಸೆಟ್ಟಿಂಗ್‌ಗಳಿರುವ ಎಟ್ಸಿ ಫೋಲ್ಡರ್ ಪೂರ್ತಿ ನಕಲು ಮಾಡಿಡಿ, ಕೆಲವೇ ಎಂಬಿ ಅದು. ಪ್ರಿಂಟರಿನ ಸೆಟ್ಟಿಂಗ್ ಇರುವುದು ಅದರೊಳಗಿನ ಕಪ್ಸ್ ಫೋಲ್ಡರಿನಲ್ಲಿ. ಹಾಕಿಕೊಂಡ ತಂತ್ರಾಂಶಗಳ ಪಟ್ಟಿಯನ್ನು ಮಿಂಟ್‌ನ ಬ್ಯಾಕಪ್ ಟೂಲ್ ತಾನೇ ಮಾಡಿಕೊಡುತ್ತದೆ.

ನಿಮ್ಮ ವೈಫೈ ಕಥೆ ನನಗೂ ಗೊತ್ತು. ಡ್ರೈವರ್ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಇದಕ್ಕೆ ಸುಲಭದ ದಾರಿ ಇದೆ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಇಲ್ಲದೆ ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶವನ್ನು ಬೂಟ್ ಆಗುವಾಗ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಕೆಲವೇ ಸೆಕೆಂಡ್ ನಿಲ್ಲುತ್ತದೆ. ಆಗಲೇ ಕೀ ಒತ್ತಿ, ಎನ್‌ರೋಲ್ ಅನ್ನುವುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಕಾಫಿ ತರಲು ಒಳಗೆ ಹೋದರೆ ಅದು ತಪ್ಪಿ ಹೋಗುತ್ತದೆ. ಡ್ರೈವರ್ ಇದ್ದರೂ ವೈಫೈ ಬರುವುದಿಲ್ಲ. ನಿಮಗೆ ಹಿಂದೆ ಆದದ್ದು ಇದೇ ಇರಬಹುದು.

ಎಫ್‌ಎಸ್‌ಟ್ಯಾಬ್ ಫೈಲ್ (ಯಾವ ಪಾರ್ಟಿಷನ್ ಎಲ್ಲಿ ತೆರೆಯಬೇಕು ಅನ್ನುವ ಪಟ್ಟಿ) ಒಂದನ್ನು ಮಾತ್ರ ಹಳೆಯದರಿಂದ ಹಾಗೇ ತಂದು ಹಾಕಬೇಡಿ. ಹೊಸದಾಗಿ ಫಾರ್ಮ್ಯಾಟ್ ಆದ ಪಾರ್ಟಿಷನ್‌ಗೆ ಯುಯುಐಡಿ (ಗುರುತಿನ ಸಂಖ್ಯೆ) ಬೇರೆ ಬರುತ್ತದೆ. ಇಲ್ಲದ ಪಾರ್ಟಿಷನ್‌ಗಾಗಿ ಕಂಪ್ಯೂಟರ್ 90 ಸೆಕೆಂಡ್ ಕಾದು, ಆಮೇಲೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ. ಬರೀ ಡೇಟಾ ಇರುವ ಎರಡನೇ ಡಿಸ್ಕಿನ ಸಾಲಿಗೆ ನೋಫೇಲ್ ಅನ್ನುವ ಆಯ್ಕೆ ಸೇರಿಸಿದರೆ ಆ ತೊಂದರೆ ಇರುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಒಮ್ಮೆ ವಾಪಸ್ ಇಳಿಸಿ ನೋಡಲೇಬೇಕು. ಕಾಫಿಗೆ ಹೂಮಳೆ ಬಂದರೆ ಸಾಲದು ಅಲ್ವಾ, ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್ ಮಳೆಯೂ ಆಗಬೇಕು, ಆಗಲೇ ಕಾಯಿ ಕಚ್ಚುವುದು. ಇಮೇಜ್ ಕೂಡ ಹಾಗೇ. 500 ಜಿಬಿಗೆ ಕಡಿಮೆ ಇಲ್ಲದ ಬೇರೆ ಡಿಸ್ಕ್ ತನ್ನಿ. 480ರದ್ದು ಆಗುವುದಿಲ್ಲ. ಇಳಿಸುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಡಿ, ಆಗ ಕೈತಪ್ಪಿ ಅದರ ಮೇಲೆ ಬರೆಯುವ ಮಾತೇ ಇಲ್ಲ. ನಕಲಿಗೂ ಅಸಲಿಗೂ ಯುಯುಐಡಿ ಒಂದೇ ಇರುತ್ತದೆ, ಎರಡನ್ನೂ ಒಟ್ಟಿಗೆ ಹಾಕಿ ಬೂಟ್ ಮಾಡಿದರೆ ಯಾವುದು ತೆರೆಯಿತು ಅಂತ ಗೊತ್ತಾಗುವುದಿಲ್ಲ. ಹೊಸದು ಒಂದರಿಂದಲೇ ವಿಂಡೋಸ್, ಲಿನಕ್ಸ್ ಎರಡೂ ಎದ್ದರೆ ಅದನ್ನೇ ಬಳಸಲು ಶುರು ಮಾಡಿ.

ಹೊರಗಿನ ಡಿಸ್ಕನ್ನು ಕೆಲಸ ಮುಗಿದ ತಕ್ಷಣ ತೆಗೆದಿಡಿ. ಸಿಕ್ಕಿಸಿಯೇ ಇಟ್ಟರೆ ಸಿಡಿಲಿಗೆ ಎರಡೂ ಒಟ್ಟಿಗೆ ಹೋಗುತ್ತವೆ. ಗುಡುಗು ಕೇಳಿದರೆ ಕರೆಂಟ್ ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲ್ ಕೂಡ ಕೀಳಿ. ಕಕ್ಕಡದ (ಜುಲೈ-ಆಗಸ್ಟ್ ಮಳೆಯ ತಿಂಗಳು) ಹೊತ್ತಿಗೆ ನಮ್ಮಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿ ಇಡಿ. ಇನ್ನೊಂದು ಪ್ರತಿ ಜಿಲ್ಲೆಯಿಂದ ಹೊರಗೇ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಹೊರಟರು. ನಮ್ಮ ಮಳೆ ಲೆಕ್ಕದ ಒಂದು ಪ್ರತಿ ಈಗ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದೆ.

ಆದರೆ ಇದೆಲ್ಲಕ್ಕೂ ಮೊದಲು, ಇವತ್ತೇ ಒಂದು ಕೆಲಸ ಮಾಡಿ. ಮಿಂಟ್‌ನಲ್ಲಿ ಡಿಸ್ಕ್ಸ್ ತೆರೆದು ಆ ಹಳೆಯ ಡಿಸ್ಕಿನ ಸ್ಮಾರ್ಟ್ ಡೇಟಾ (ಡಿಸ್ಕ್ ತಾನೇ ಬರೆದಿಡುವ ಆರೋಗ್ಯದ ಲೆಕ್ಕ) ನೋಡಿ. ರಿಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಾಯಿಸಿದ ಜಾಗ), ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆ ಕೊಡುತ್ತಿರುವ ಜಾಗ) ಎರಡೂ ಸೊನ್ನೆ ಇದ್ದರೆ ಮೇಲೆ ಹೇಳಿದ ಹಾಗೆ ನಿಧಾನವಾಗಿ ಮುಂದುವರಿಯಿರಿ. ಪೆಂಡಿಂಗ್ ಸೊನ್ನೆ ಇಲ್ಲದಿದ್ದರೆ ಕ್ಲೋನ್‌ಝಿಲ್ಲಾ ಬೇಡ. ಮುಖ್ಯವಾದ ಫೈಲ್‌ಗಳನ್ನು ಮೊದಲು ಪೆನ್‌ಡ್ರೈವ್‌ಗೆ ಎತ್ತಿಕೊಂಡು ಕಂಪ್ಯೂಟರ್ ಆಫ್ ಮಾಡಿ. ಅಂಥ ಡಿಸ್ಕಿಗೆ ಡಿಡಿರೆಸ್ಕ್ಯೂ ಅಂತ ಬೇರೆ ತಂತ್ರಾಂಶ ಇದೆ, ಓದಲಾಗದ ಜಾಗವನ್ನು ಬಿಟ್ಟು ಉಳಿದದ್ದನ್ನು ಮೊದಲು ಎತ್ತುತ್ತದೆ. ಎರಡೂ ಸಂಖ್ಯೆಯನ್ನು ಇಲ್ಲೇ ಕೆಳಗೆ ಬರೆಯಿರಿ, ಮುಂದಿನದ್ದನ್ನು ಒಂದೊಂದಾಗಿ ಹೇಳುತ್ತೇನೆ.