ಓದುಗರ ಪ್ರಶ್ನೆ: ಗಾಳಿಪಟಕ್ಕೆ ಕಟ್ಟಿದ ಆಂಟೆನಾ

ಪ್ರಶ್ನೆ: ನಾನು ಪರವಾನಗಿ ಪಡೆದ ಹವ್ಯಾಸಿ ರೇಡಿಯೋ ಬಳಕೆದಾರ. 160 ಮೀಟರ್ ಬ್ಯಾಂಡ್‌ಗೆ (ಸುಮಾರು 160 ಮೀಟರ್ ಉದ್ದದ ರೇಡಿಯೋ ತರಂಗಗಳಿಗೆ) ಬೇಕಾಗುವಷ್ಟು ಎತ್ತರದ ಕಂಬ ನಿಲ್ಲಿಸುವ ಅನುಕೂಲ ಇಲ್ಲದಿರುವುದರಿಂದ, ಹಿಂದಿನ ಯುದ್ಧಕಾಲದ ರೇಡಿಯೋಗಳಲ್ಲಿ ಮಾಡುತ್ತಿದ್ದಂತೆ, ದಾರದ ಬದಲು ತಾಮ್ರದ ತಂತಿಯನ್ನೇ ಗಾಳಿಪಟಕ್ಕೆ ಕಟ್ಟಿ ಹಾರಿಸಿದೆ. ಮೊದಲ ದಿನವೇ ತಂತಿ ತುಂಡಾಯಿತು. ಎರಡನೆಯ ಸಲ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಿದ್ದಾಗ, ತಂತಿಯ ತುದಿಯನ್ನು ರೇಡಿಯೋಗೆ ಸಿಕ್ಕಿಸಲು ಹೋದರೆ ಕೈಗೆ ಜೋರಾಗಿ ಶಾಕ್ ಹೊಡೆಯಿತು. ತಪ್ಪಿದ್ದೆಲ್ಲಿ?

ಉತ್ತರ: ನೀವು ಹೇಳುವ ಯುದ್ಧಕಾಲದ ರೇಡಿಯೋ ‘ಗಿಬ್ಸನ್ ಗರ್ಲ್’ ಇರಬೇಕು, ಎರಡನೇ ಮಹಾಯುದ್ಧದಲ್ಲಿ ಕಡಲಿಗೆ ಬಿದ್ದ ವಿಮಾನ ಸಿಬ್ಬಂದಿ ನೆರವು ಕೋರಲು ಬಳಸುತ್ತಿದ್ದ ರೇಡಿಯೋ. ಅದನ್ನು ತೊಡೆಗಳ ನಡುವೆ ಇರಿಸಿಕೊಂಡು ಹಿಡಿಕೆ ತಿರುಗಿಸಿದರೆ 500 ಕಿಲೋಹರ್ಟ್ಸ್‌ನಲ್ಲಿ ಎಸ್‌ಓಎಸ್ ಸಂಕೇತ ಹೊರಡುತ್ತಿತ್ತು. ಅದರ ಆಂಟೆನಾ ತಂತಿಯೇ ಪೆಟ್ಟಿಗೆಯಾಕಾರದ ಗಾಳಿಪಟದ ದಾರವೂ ಆಗಿತ್ತು. ಕಡಲ ನಡುವೆ ತೆಪ್ಪದಲ್ಲಿ ಕುಳಿತವನಿಗೆ ಬೇರೆ ದಾರಿಯಿರಲಿಲ್ಲ, ನಿಮಗಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಗಾಳಿಪಟದ ಎಳೆತ ನಾಲ್ಕು ಪಟ್ಟಾಗುತ್ತದೆ. ಮೆದು ತಾಮ್ರದ ತಂತಿ ಅಂಥ ಎಳೆತಕ್ಕೆ ಮೊದಲು ಹಿಗ್ಗಿ, ಆಮೇಲೆ ತುಂಡಾಗುತ್ತದೆ. ತುಂಡಾದ ತಂತಿಯನ್ನು ಎಳೆದುಕೊಂಡು ಹೋದ ಗಾಳಿಪಟ ವಿದ್ಯುತ್ ಮಾರ್ಗದ ಮೇಲೆ ಬೀಳಲಿಲ್ಲವೆಂಬುದು ನಿಮ್ಮ ಅದೃಷ್ಟ.

ಆದ್ದರಿಂದ ಎಳೆತವನ್ನು ತಾಳುವ ಕೆಲಸವನ್ನು ಗಟ್ಟಿಯಾದ ಒಣ ಪಾಲಿಯೆಸ್ಟರ್ ದಾರಕ್ಕೆ ಬಿಡಿ. ಗಾಳಿಪಟ ಒಂದೇ ಕಡೆ ಸ್ಥಿರವಾಗಿ ನಿಂತ ಮೇಲೆ, ಅದಕ್ಕಿಂತ ಕೆಲವು ಮೀಟರ್ ಕೆಳಗೆ ದಾರಕ್ಕೊಂದು ಕುಣಿಕೆ ಹಾಕಿ, ಅಲ್ಲಿಂದ ತಂತಿಯನ್ನು ಇಳಿಬಿಟ್ಟು, ಇನ್ನಷ್ಟು ದಾರ ಬಿಡುತ್ತಾ ಮೇಲಕ್ಕೇರಿಸಬೇಕು. ತಂತಿಯ ಕೆಳತುದಿ ಸದಾ ಸ್ವಲ್ಪ ಸಡಿಲವಾಗಿಯೇ ಇರಲಿ. ನಿಮ್ಮ ಬ್ಯಾಂಡ್‌ನ 1.85 ಮೆಗಾಹರ್ಟ್ಸ್‌ಗೆ ಬೇಕಾದ ಕಾಲು ತರಂಗಾಂತರದ ತಂತಿಯೆಂದರೆ ಸುಮಾರು 39 ಮೀಟರ್. 1 ಮಿಲಿಮೀಟರ್ ವ್ಯಾಸದ ತಾಮ್ರದ ತಂತಿಯಾದರೆ ಅದು 270 ಗ್ರಾಂಗೂ ಹೆಚ್ಚು ತೂಗುತ್ತದೆ, ಅರ್ಧ ಮಿಲಿಮೀಟರಿನದಾದರೆ 70 ಗ್ರಾಂ ಸಾಕು. ಎಳೆತವೇ ಇಲ್ಲದ ತಂತಿ ತೆಳುವಾಗಿದ್ದರೆ ನಷ್ಟವೇನೂ ಇಲ್ಲ. ನೆಲದ ಮೇಲೆ ಸುತ್ತಲೂ ಹರಡುವ ರೇಡಿಯಲ್ ತಂತಿಗಳನ್ನು ಮಾತ್ರ ಮರೆಯಬೇಡಿ. ಕಾಲು ತರಂಗದ ಆಂಟೆನಾಕ್ಕೆ ಅವು ಉಳಿದರ್ಧವಿದ್ದಂತೆ.

ಇನ್ನು ಶಾಕ್‌ನ ವಿಷಯ. ಶುಭ್ರ ಹವೆಯಲ್ಲಿಯೂ ನೆಲದ ಬಳಿಯ ವಾತಾವರಣದಲ್ಲಿ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 100 ವೋಲ್ಟ್ ವ್ಯತ್ಯಾಸವಿರುತ್ತದೆ. ಇದರ ಜೊತೆಗೆ, ಗಾಳಿಯಲ್ಲಿ ತೇಲಿಬರುವ ಧೂಳಿನ ಕಣಗಳು ತಂತಿಗೆ ತಾಗಿ ತಾಗಿ ವಿದ್ಯುದಂಶವನ್ನು ಬಿಟ್ಟುಹೋಗುತ್ತವೆ. ನೆಲದ ಸಂಪರ್ಕವಿಲ್ಲದ ತಂತಿಯಲ್ಲಿ ಅದು ಶೇಖರವಾಗುತ್ತಲೇ ಇರುತ್ತದೆ. ತಂತಿಯ ತುದಿಯನ್ನು ನೆಲಕ್ಕೆ ಹೂತ ಸರಳಿನ ಹತ್ತಿರ ಹಿಡಿದರೆ ಚಟ್, ಚಟ್ ಎಂದು ಬಿಟ್ಟುಬಿಟ್ಟು ಕಿಡಿ ಹಾರುವುದು ಕೇಳಿಸೀತು. ಕೈಗೆ ತಾಗಿದ್ದು ಒಳ್ಳೆಯದೇ ಆಯಿತೆನ್ನಬೇಕು, ರೇಡಿಯೋದೊಳಗೆ ಹೋಗಿದ್ದರೆ ಅದರ ಗ್ರಾಹಕ ಭಾಗವೇ ಸುಟ್ಟುಹೋಗುತ್ತಿತ್ತು. ತಂತಿಯನ್ನು ಮೇಲೇರಿಸುವ ಮೊದಲೇ ಅದರ ಕೆಳತುದಿಗೂ ಭೂಸಂಪರ್ಕದ ಸರಳಿಗೂ ನಡುವೆ ಸುಮಾರು 1 ಮೆಗಾಓಮ್‌ನ ರೋಧಕವನ್ನು ಜೋಡಿಸಿ. ಕಾಲು ತರಂಗದ ಆಂಟೆನಾದ ಬುಡದಲ್ಲಿ ರೋಧ ಕೆಲವೇ ಹತ್ತು ಓಮ್‌ಗಳಷ್ಟಿರುವುದರಿಂದ ನಿಮ್ಮ ಪ್ರಸಾರಕ್ಕೆ ಅದರ ಅರಿವೇ ಆಗುವುದಿಲ್ಲ, ಶೇಖರವಾಗುವ ವಿದ್ಯುತ್ ಮಾತ್ರ ಸದ್ದಿಲ್ಲದೆ ನೆಲಕ್ಕಿಳಿಯುತ್ತದೆ. ಇದು ಸಿಡಿಲಿಗೆ ರಕ್ಷಣೆಯಲ್ಲ. ದೂರದಲ್ಲಿ ಗುಡುಗು ಕೇಳಿಸಿದರೂ ಆ ದಿನ ಗಾಳಿಪಟ ಚೀಲದಲ್ಲೇ ಇರಲಿ.

ಗಾಳಿಪಟ ಓಲಾಡಿದಂತೆಲ್ಲ ತಂತಿಯ ಓರೆಯೂ ಎತ್ತರವೂ ಬದಲಾಗಿ, ಆಂಟೆನಾ ರೇಡಿಯೋಗೆ ಎಷ್ಟು ಹೊಂದಿದೆಯೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಏರಿಳಿಯುತ್ತದೆ. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ ಸುಮಾರು 150 ಮೀಟರ್ ತಂತಿಯನ್ನು ಗಾಳಿಪಟದಿಂದ ಎತ್ತಿ ಅಟ್ಲಾಂಟಿಕ್‌ನಾಚೆಯ ಸಂಕೇತಕ್ಕೆ ಕಾದಿದ್ದ ರೇಡಿಯೋ ಪ್ರವರ್ತಕ ಮಾರ್ಕೋನಿಗೂ ಇದೇ ತೊಡಕು ಎದುರಾಗಿ, ಒಂದೇ ಆವರ್ತನಕ್ಕೆ ಶ್ರುತಿಗೊಳಿಸಿದ ಗ್ರಾಹಕವನ್ನು ಬದಿಗಿಟ್ಟು ಸರಳವಾದ ಗ್ರಾಹಕಕ್ಕೆ ಕಿವಿಯೊಡ್ಡಬೇಕಾಯಿತು. ನಿಮ್ಮಲ್ಲಿ ಟ್ಯೂನರ್ (ಆಂಟೆನಾವನ್ನು ರೇಡಿಯೋಗೆ ಹೊಂದಿಸುವ ಸಾಧನ) ಇದ್ದರೆ ಅಷ್ಟು ಕಷ್ಟವಿಲ್ಲ.

ಗಾಳಿಪಟವನ್ನು ಎಷ್ಟು ಎತ್ತರಕ್ಕೆ ಬಿಡಬಹುದೆಂಬ ವಿಮಾನಯಾನ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ. ಇಳಿಸುವಾಗ ದಾರವನ್ನು ಸುಮ್ಮನೆ ಸುತ್ತಿಕೊಳ್ಳಲು ಹೋಗದೆ, ಬುಡವನ್ನು ಭದ್ರವಾಗಿ ಕಟ್ಟಿ, ಕೈಗವಸು ತೊಟ್ಟು, ದಾರವನ್ನು ಕಂಕುಳಲ್ಲಿ ಒತ್ತಿಹಿಡಿದು ಗಾಳಿಪಟದ ದಿಕ್ಕಿಗೆ ನಡೆಯುತ್ತ ಹೋಗಿ. ಜೋರು ಗಾಳಿಯಲ್ಲೂ ಅದು ತಾನಾಗಿ ತಗ್ಗುತ್ತಾ ಬರುತ್ತದೆ.