ಉತ್ಸವದ ಊಟದ ನೀರು ಎಲ್ಲಿಗೆ?

ಪ್ರಶ್ನೆ: ಎಪ್ರಿಲ್ ತಿಂಗಳಲ್ಲಿ ನಮ್ಮೂರಿನ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ದಿನಕ್ಕೆ ಎರಡು ಸಾವಿರ ಮಂದಿಗೆ ಊಟವಿದೆ. ಕೈ ತೊಳೆದ ನೀರು, ಪಾತ್ರೆ ತೊಳೆದ ನೀರು, ತಾತ್ಕಾಲಿಕ ಶೌಚಾಲಯದ ನೀರು ಇವೆಲ್ಲವನ್ನೂ ಒಂದೇ ಹೊಂಡಕ್ಕೆ ಬಿಡಬಹುದೇ?
– ಓದುಗರೊಬ್ಬರು, ಪೆರ್ಲ

ಉತ್ತರ: ಬಿಡಬಾರದು. ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ನೀರು ಬೇಗನೆ ಇಂಗುವುದರಿಂದಲೇ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ನಮ್ಮ ಸುರಂಗಗಳಲ್ಲಿ ಬೇಸಿಗೆಯಲ್ಲಿಯೂ ನೀರು ಒಸರುತ್ತದೆ. ಅದೇ ದಾರಿಯಲ್ಲಿ ಕೊಳಕೂ ಬಾವಿಯನ್ನು ಸೇರಬಲ್ಲದು. ಆದ್ದರಿಂದ ಶೌಚದ ಹೊಂಡವನ್ನು ಬಾವಿ, ಸುರಂಗಗಳಿಂದ ಕನಿಷ್ಠ 30 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿಯೇ ತೋಡಿಸಿರಿ.

ಒಬ್ಬರು ಕೈ ತೊಳೆಯಲು ಎರಡು ಲೀಟರ್ ಬಳಸಿದರೂ ದಿನಕ್ಕೆ 4,000 ಲೀಟರ್ ಆಗುತ್ತದೆ. ಸಾಬೂನು ಮಿತವಾಗಿದ್ದರೆ ಇದನ್ನು ಕಣಿ ತೋಡಿ ತೆಂಗು, ಬಾಳೆಯ ಬುಡಗಳಿಗೆ ಹಂಚಬಹುದು. ತೊಡಕಿರುವುದು ಪಾತ್ರೆಯ ನೀರಿನಲ್ಲಿ. ಅದರ ಜಿಡ್ಡು ಮಣ್ಣಿನ ರಂಧ್ರಗಳನ್ನು ಮುಚ್ಚಿ ಹೊಂಡವನ್ನೇ ಕಟ್ಟಿಬಿಡುತ್ತದೆ. ಎಂಜಲನ್ನು ಮೊದಲೇ ಕೆರೆದು ತೆಗೆದು, ನೀರನ್ನು ಒಂದು ಡ್ರಮ್ಮಿನಲ್ಲಿ ನಿಲ್ಲಿಸಿ, ಜಿಡ್ಡು ತೇಲಿದ ಬಳಿಕ ನಡುಮಟ್ಟದ ಕೊಳವೆಯಿಂದ ಮಾತ್ರ ಜಲ್ಲಿ ತುಂಬಿದ ಇಂಗುಗುಂಡಿಗೆ ಹರಿಸಿರಿ. ಅಡಿಕೆಯ ಹಾಳೆತಟ್ಟೆ ಅಥವಾ ಬಾಳೆಲೆಯಲ್ಲಿ ಬಡಿಸಿದರೆ ತೊಳೆಯುವ ಕೆಲಸವೇ ಅರ್ಧದಷ್ಟು ಇಳಿಯುತ್ತದೆ, ಅಡಿಗೆಯವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.