ಅಲ್ಸರೇಟಿವ್ ಕೊಲೈಟಿಸ್‌ಗೆ (ದೊಡ್ಡ ಕರುಳಿನ ಉರಿಯೂತ, ಹುಣ್ಣಿನ ಕಾಯಿಲೆ) ಔಷಧ ಹಿಡಿಯುತ್ತದೋ ಇಲ್ಲವೋ, ಸಿಬಿಸಿ (ರಕ್ತಕಣಗಳ ಎಣಿಕೆ ಪರೀಕ್ಷೆ) ನೋಡಿ ಹೇಳಬಹುದೇ?

ಸುಳಿವು ಸಿಗುತ್ತದೆ, ಖಚಿತ ಉತ್ತರ ಸಿಗುವುದಿಲ್ಲ. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ರಕ್ತಕಣಗಳ ಬಗೆಗಳು; ಸಿಬಿಸಿ ವರದಿಯ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಬರುವ ಅನುಪಾತವೇ ಎನ್‌ಎಲ್‌ಆರ್. ಕರುಳಿನ ಉರಿಯೂತ ಜೋರಾದಾಗ ಇದು ಏರುತ್ತದೆ. ಚಿಕಿತ್ಸೆಗೆ ಮೊದಲೇ ಇದು ಹೆಚ್ಚಿದ್ದವರಲ್ಲಿ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಉರಿಯೂತ ತಡೆಯುವ ಜೈವಿಕ ಔಷಧಗಳು ಕಡಿಮೆ ಫಲ ಕೊಟ್ಟದ್ದನ್ನು ಕೆಲವು ಅಧ್ಯಯನಗಳು ಕಂಡಿವೆ. ಆದರೆ ಎಲ್ಲರೂ ಒಪ್ಪಿದ ಗಡಿ ಸಂಖ್ಯೆ ಇಲ್ಲ.

ರಕ್ತ ಕೊಟ್ಟದ್ದು ಯಾವಾಗ ಎಂಬುದನ್ನು ದಯವಿಟ್ಟು ಗಮನಿಸಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರುವಾದ ಮೇಲೆ ನ್ಯೂಟ್ರೋಫಿಲ್ ಏರಿ, ಲಿಂಫೋಸೈಟ್ ಇಳಿಯುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೊಪ್ರಿನ್ ಕೂಡ ಲಿಂಫೋಸೈಟ್ ತಗ್ಗಿಸುತ್ತದೆ. ಆಗಿನ ಏರಿಕೆ ರೋಗದ್ದೋ ಮಾತ್ರೆಯದ್ದೋ ಹೇಳುವುದು ಕಷ್ಟ.

ಆಸ್ಪತ್ರೆ ಸೇರುವಷ್ಟು ತೀವ್ರವಾದಾಗ ನಾನು ಹೆಚ್ಚು ನಂಬುವುದು 1996ರ ಆಕ್ಸ್‌ಫರ್ಡ್ ಮಾನದಂಡವನ್ನು: ಸ್ಟೀರಾಯ್ಡ್ ಚಿಕಿತ್ಸೆಯ 3ನೇ ದಿನವೂ 8ಕ್ಕಿಂತ ಹೆಚ್ಚು ಬಾರಿ ಭೇದಿ, ಅಥವಾ 3ರಿಂದ 8 ಬಾರಿ ಭೇದಿಯ ಜೊತೆ ಸಿಆರ್‌ಪಿ (ರಕ್ತದಲ್ಲಿ ಉರಿಯೂತ ಸೂಚಿಸುವ ಪ್ರೋಟೀನ್) 45 ಮಿ.ಗ್ರಾಂ./ಲೀ. ದಾಟಿದ್ದರೆ, ಮುಂದಿನ ಔಷಧದ ನಿರ್ಧಾರ ತಡವಾಗಬಾರದು.